ಹೆಗಲಿಗೆ ಆನಿಸಿದ ತೊಗಲು

"ಈ ತೊಗಲು ಬ್ಯಾಡಿ ಸಾ," ಎಂದ ಚಿಕ್ಕಸಿದ್ದಯ್ಯ. "ಬ್ಯಾರೆ ಯಾವ್ದಾರ ಆಕ್ಕೊಡ್ತೀನಿ."

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ನೆನೆಹಾಕಿದ ಚರ್ಮದ ಹುಳಿ ನಾತ, ಹರಳೆಣ್ಣೆಯ ಜಿಡ್ಡು, ಚರ್ಮ ಹದ ಮಾಡುವ ತಂಗಡಿ ತೊಗಟೆಯ ಒಗರು ಎಲ್ಲ ಕಲಸಿಕೊಂಡು ಬಾಗಿಲಿಗೇ ಬಂದು ಮುಖಕ್ಕೆ ರಾಚುತ್ತಿದ್ದವು. ಶಾಂತರಾಜು ಮೂಗಿಗೆ ಕರವಸ್ತ್ರ ಹಿಡಿದು ಹೊಸ್ತಿಲಲ್ಲೇ ನಿಂತಿದ್ದ. ಮೈಸೂರಿನವನು. ಮರದ ಕಂಟ್ರಾಕ್ಟು ಹಿಡಿದು ಹನೂರಿಗೆ ಬಂದು ಮೂರು ತಿಂಗಳಾಗಿತ್ತು. ಅದು ಸಾವಿರದ ಒಂಬೈನೂರ ಅರವತ್ತೈದರ ಬೇಸಿಗೆ.

ಹಲಗೆಯ ಮೇಲೆ ಅವನ ಜೋಡಿ ನಳಿಗೆಯ ರೈಫಲ್ ಮಲಗಿತ್ತು. ಊರಿಗೆ ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡದ್ದು. ಅದರ ಒದೆತ ತಡೆಯಲೆಂದು ಮರದ ತಳಕ್ಕೆ, ಹೆಗಲಿಗೆ ಆನಿಸುವ ಕಡೆ, ರಬ್ಬರಿನ ಪ್ಯಾಡು ಹಾಕಿದ್ದರು. ಬರೀ ರಬ್ಬರಾದರೆ ಕೋಟಿಗೆ ಅಂಟಿಕೊಂಡು ಬಂದೂಕು ಎತ್ತುವುದು ತಡವಾಗುತ್ತದೆ. ಅದಕ್ಕೇ ಮೇಲೊಂದು ತೆಳ್ಳನೆಯ ತೊಗಲಿನ ಹೊದಿಕೆ ಇರಬೇಕು. ಹಳೆಯದು ಹರಿದುಹೋಗಿತ್ತು. ಹೊಸದಕ್ಕೆ ಶಾಂತರಾಜು ತಾನೇ ತೊಗಲು ತಂದಿದ್ದ. ದುಂಡನೆಯದು, ಹಳದಿಗಟ್ಟಿದ್ದು, ನಡುವೆ ಒಂದು ತೂತು.

ಅದನ್ನು ಮುಟ್ಟಿದ ಕೂಡಲೇ ಚಿಕ್ಕಸಿದ್ದಯ್ಯನಿಗೆ ಗುರುತು ಸಿಕ್ಕಿತ್ತು. ರಾಮಾಪುರದ ಮಾದಣ್ಣನ ತಮಟೆಗೆ ಅದನ್ನು ಬಿಗಿದುಕೊಟ್ಟವನು ಅವನೇ.

"ಮಾದಣ್ಣನ ಅವ್ವ ಚನ್ನಾಜಮ್ಮ ಮಣ್ಣು ತೂರಿ ಸಾಪ ಆಕವ್ಳೆ ಸಾ. ಮಗನ ಬೆವರು ಕುಡಿದ ತೊಗಲು ಇದು. ಮೈಗೆ ತಾಕುಸ್ಕಬ್ಯಾಡಿ."

ಶಾಂತರಾಜು ನಕ್ಕುಬಿಟ್ಟ. ಕೊಳ್ಳೇಗಾಲದ ಮಾಟದ ವಿಷಯ ಮೈಸೂರಿನಲ್ಲೇ ಬೇಕಾದಷ್ಟು ಕೇಳಿದ್ದೇನೆ, ಮಣ್ಣು ಬಿದ್ದರೆ ಎಣ್ಣೆ ಹಾಕಿ ಒರೆಸಿಕೊಳ್ಳುತ್ತೇನೆ ಎಂದ. ತೂತಿನ ಸುತ್ತಲಿನ ಭಾಗವನ್ನು ತನ್ನ ಕಣ್ಣೆದುರೇ ಕೊಯ್ಯಿಸಿ ಒಲೆಗೆ ಹಾಕಿಸಿದ. ಸುಟ್ಟ ಕೂದಲಿನ ಕಮಟು ಅಂಗಡಿ ತುಂಬಿತು. ನಾಳೆ ಬರುತ್ತೇನೆಂದು ಹೊರಟ.

ಅವನಿಗೆ ಬೇಕಿದ್ದುದು ಆ ತೂತು ಇಲ್ಲವಾಗುವುದೇ. ಮೂರು ವಾರದ ಕೆಳಗೆ ರಾಮಾಪುರದ ಮೇಲಿನ ಕಾಡಿನಲ್ಲಿ ಹಂದಿ ಬೇಟೆ ನಡೆದಿತ್ತು. ತಮಟೆ ಬಡಿದು ಹಂದಿ ಎಬ್ಬಿಸಲು ಬಂದವರಲ್ಲಿ ಮಾದಣ್ಣನೂ ಒಬ್ಬ. ಪೊದೆ ಅಲ್ಲಾಡಿದ್ದೇ ತಡ, ಏನೆಂದು ನೋಡದೆ ಶಾಂತರಾಜು ಗುಂಡು ಹಾರಿಸಿದ್ದ. ಗುಂಡು ತಮಟೆಯನ್ನು ತೂರಿ ಎದೆಗೆ ಹೊಕ್ಕಿತ್ತು. ತನಗೆ ಹೇಳಿದ್ದ ಜಾಗ ಬಿಟ್ಟು ಮಾದಣ್ಣ ಕದ್ದು ಅಡ್ಡ ಬಂದ, ಕೈಯಲ್ಲಿ ತಮಟೆಯೂ ಇರಲಿಲ್ಲ ಎಂದು ಪೊಲೀಸರಿಗೆ ಹೇಳಿದ್ದಾಯಿತು. ಜಾಡು ತೋರಿಸಲು ಜೊತೆಗಿದ್ದ ಚೌಡಯ್ಯನೂ ಹಾಗೇ ಸಾಕ್ಷಿ ಹೇಳಿದ. ಮಗ ತಮಟೆ ಬಿಟ್ಟು ಹೋಗುವವನಲ್ಲ, ಅದೆಲ್ಲಿ ಎಂದು ಚನ್ನಾಜಮ್ಮ ಠಾಣೆಯ ಬಾಗಿಲಲ್ಲಿ ಎರಡು ದಿನ ಕೂತು ಕೇಳಿದಳು. ತಮಟೆ ಶಾಂತರಾಜುವಿನ ಜೀಪಿನಲ್ಲಿತ್ತು. ಸುಟ್ಟುಹಾಕಿದ್ದರೆ ಮುಗಿಯುತ್ತಿತ್ತು. ಆದರೆ ತೊಗಲು ಒಳ್ಳೆಯದಿತ್ತು, ಅವನಿಗೆ ಆಸೆಯಾಯಿತು.

ಅಂದು ಸಂಜೆ ಚಿಕ್ಕಸಿದ್ದಯ್ಯ ಹೇಳಿಕಳಿಸಿದ್ದರಿಂದ ಚನ್ನಾಜಮ್ಮ ಅಂಗಡಿಗೆ ಬಂದಳು. ಅಳಲಿಲ್ಲ. ತೊಗಲನ್ನು ಅಂಗೈಯಿಂದ ಸವರಿದಳು. ಸೆರಗಿನ ಗಂಟು ಬಿಚ್ಚಿ ಮಗನನ್ನು ಹೂತ ಗುಂಡಿಯಿಂದ ತಂದ ಒಂದು ಹಿಡಿ ಮಣ್ಣು ತೆಗೆದಳು. ತುಟಿ ಮಾತ್ರ ಅಲುಗುತ್ತಿತ್ತು. ರಬ್ಬರಿಗೂ ತೊಗಲಿಗೂ ನಡುವೆ ಆ ಮಣ್ಣನ್ನು ತೆಳ್ಳಗೆ ಬಳಿದಳು. ಚಿಕ್ಕಸಿದ್ದಯ್ಯ ಆ ಹೊತ್ತಿನಲ್ಲಿ ತೊಗಲು ಕೊಯ್ಯುವ ರಂಪಿಗೆ ಮಸೆಯುತ್ತ ಗೋಡೆಯ ಕಡೆ ತಿರುಗಿದ್ದ. ಆಮೇಲೆ ತೊಗಲನ್ನು ಎಳೆದು ಬಿಗಿದು ಹೊಲಿದ.

ಮಾರನೆಯ ದಿನ ರೈಫಲನ್ನು ಹೆಗಲಿಗೇರಿಸಿದಾಗ ಶಾಂತರಾಜುವಿಗೆ ಖುಷಿಯಾಯಿತು. ಬಂದೂಕು ಬೆಣ್ಣೆಯಂತೆ ಜಾರಿ ಬಂದು ಕೂತಿತು. ಆದರೆ ಪ್ಯಾಡು ಬೆಚ್ಚಗಿತ್ತು. ಬಿಸಿಲಿನಲ್ಲಿಟ್ಟಿದ್ದರೇನೋ ಅಂದುಕೊಂಡ. ಹನೂರಿನ ಮನೆಯಲ್ಲಿ, ಕತ್ತಲೆ ಕೋಣೆಯ ಗೋಡೆಗೆ ಒರಗಿಸಿಟ್ಟ ಮೇಲೂ ಅದು ತಣ್ಣಗಾಗಲಿಲ್ಲ. ಮೂರನೆಯ ದಿನಕ್ಕೆ ಕೋಣೆಯಲ್ಲಿ ಒಂದು ವಾಸನೆ ಹುಟ್ಟಿತು. ಬಡಿಯುವ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವಾಗ ಬರುತ್ತದಲ್ಲ, ಆ ಸೀದ ವಾಸನೆ. ಸ್ನಾನ ಮಾಡುವಾಗ ಬಲ ಹೆಗಲು ನೋಡಿಕೊಂಡರೆ ದುಂಡಗೆ ಕಪ್ಪಾಗಿತ್ತು. ಹೊಸ ತೊಗಲು ಹಾಕಿಸಿದ ಮೇಲೆ ಅವನಿನ್ನೂ ಒಂದು ಗುಂಡೂ ಹಾರಿಸಿರಲಿಲ್ಲ.

ಮುಂದಿನ ವಾರ ಮತ್ತೆ ಬೇಟೆಗೆ ಹೊರಟ. ರಾಮಾಪುರದಿಂದ ತಮಟೆಯವರು ಯಾರೂ ಬರಲಿಲ್ಲ. ಮಧುವನಹಳ್ಳಿ ಕಡೆಯ ನಾಲ್ಕಾಳು ಸೀಮೆಎಣ್ಣೆ ಡಬ್ಬ ಹಿಡಿದು ಬಂದರು. ಮಟಮಟ ಮಧ್ಯಾಹ್ನ. ಲಂಟಾನದ ಪೊದೆಗಳ ನಡುವೆ ಗಾಳಿ ಸತ್ತುಹೋಗಿತ್ತು. ದೂರದಲ್ಲಿ ಡಬ್ಬಗಳು ಗಲಗಲ ಎಂದವು. ಅದರೊಳಗಿಂದ ಇನ್ನೊಂದು ಸದ್ದು ಎದ್ದು ಬಂತು. ಡಂಗ್. ಡಂಗ್.

ತಮಟೆಯವರು ಯಾರು ಬಂದಿದ್ದಾರೆಂದು ಶಾಂತರಾಜು ಕೇಳಿದ.

ಚೌಡಯ್ಯ ಕಿವಿಗೊಟ್ಟು ನಿಂತ. "ತಮಟೆ ಎಲ್ಲದೆ ಸಾ? ಡಬ್ಬ ಬಡೀತಾವ್ರೆ ಅಷ್ಟೇಯ." ನೋಡಿ ಬರುತ್ತೇನೆಂದು ಮುಂದಕ್ಕೆ ಹೋದ. ಪೊದೆ ಅವನನ್ನು ನುಂಗಿತು.

ಸದ್ದು ಹತ್ತಿರವಾಯಿತು. ಕಿವಿಯಿಂದಲ್ಲ, ಹೆಗಲಿನಿಂದ ಕೇಳುತ್ತಿತ್ತು. ಪ್ಯಾಡಿನೊಳಗಿಂದ ಯಾರೋ ಬೆರಳಿನಲ್ಲಿ ಬಡಿದಂತೆ. ಬಂದೂಕು ಇಳಿಸಲು ನೋಡಿದ. ಇಳಿಯಲಿಲ್ಲ. ತೊಗಲು ಕೋಟನ್ನು ಕಚ್ಚಿತ್ತು. ಬಿಸಿಲು ಕಂದಿತು. ಸೀದ ನಾತ. ಎದುರಿನ ಪೊದೆ ಅಲುಗಿತು. ಸೀಳಿತು. ಮಾದಣ್ಣ ಬಂದ. ಎದೆಯ ಮೇಲೆ ತಮಟೆ. ತಮಟೆಯ ನಡುವೆ ತೂತು. ತೂತಿನಿಂದ ಆಚೆಯ ಕಾಡು ಕಾಣುತ್ತಿತ್ತು. ಒಂದು ಹೆಜ್ಜೆ. ಡಂಗ್. ಇನ್ನೊಂದು ಹೆಜ್ಜೆ. ಡಂಗ್. ಶಾಂತರಾಜು ಒಂದೇ ಟ್ರಿಗರ್ ಒತ್ತಿದ. ಎರಡು ನಳಿಗೆಯ ಗುಂಡೂ ಒಟ್ಟಿಗೆ ಹಾರಿದವು. ಹೆಗಲಿನ ಮೂಳೆ ಲಟಕ್ಕೆಂದಿತು. ನೆಲ ಎದ್ದು ಬಂದು ಬೆನ್ನಿಗೆ ಹೊಡೆಯಿತು.

ಹೊಗೆ ಇಳಿದಾಗ ಪೊದೆಯ ಬಾಯಲ್ಲಿ ಚೌಡಯ್ಯ ಬಿದ್ದಿದ್ದ. ಎದೆಯಲ್ಲಿ ಎರಡು ತೂತು.

ಡಬ್ಬದವರು ಇಬ್ಬರನ್ನೂ ಜೀಪಿಗೆ ಹಾಕಿ ಕೊಳ್ಳೇಗಾಲದ ಆಸ್ಪತ್ರೆಗೆ ತಂದರು. ಚೌಡಯ್ಯನ ಜೀವ ದಾರಿಯಲ್ಲೇ ಹೋಗಿತ್ತು. ಶಾಂತರಾಜುವಿನ ಕೋಟು ಕತ್ತರಿಸಿದ ಡಾಕ್ಟರು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡರು. ಬಂದೂಕಿನಿಂದ ಕಿತ್ತುಬಂದ ತೊಗಲು, ಬಟ್ಟೆಯನ್ನು ಸುಟ್ಟು, ಹೆಗಲ ಮಾಂಸಕ್ಕೆ ಕೂಡಿಕೊಂಡಿತ್ತು. ಅಂಚೇ ಸಿಗುತ್ತಿರಲಿಲ್ಲ. ಬಿಡಿಸಿದಾಗ ಅವನ ಚರ್ಮವೂ ಅದರ ಜೊತೆಗೇ ಬಂತು.

ಚನ್ನಾಜಮ್ಮ ವರಾಂಡದಲ್ಲಿ ಕಾದಿದ್ದಳು. ಯಾರು ಹೇಳಿದರೋ ಗೊತ್ತಿಲ್ಲ. ತಟ್ಟೆಯಲ್ಲಿದ್ದುದನ್ನು ಎಸೆಯಲು ತಂದ ಆಳಿನ ಮುಂದೆ ಮಡಿಲು ಒಡ್ಡಿದಳು.

"ಇದು ನನ್ನ ಮಗನ್ದು ಕಣಪ್ಪ. ಕೊಡು."

ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಮಗನ ಪಕ್ಕದಲ್ಲೇ ಹೂತಳು.

ಹೆಗಲಿನ ಗಾಯ ಮಾಯಲಿಲ್ಲ. ಅದರ ಮೇಲೆ ಚರ್ಮವೇ ಬೆಳೆಯಲಿಲ್ಲ. ಕೇಸು ಕೋರ್ಟಿಗೆ ಬಂದಾಗ ಮೈಸೂರಿನಿಂದ ಬಂದ ವಕೀಲರು ಹೇಳಬೇಕಾದದ್ದನ್ನು ಕಲಿಸಿದರು. ಚೌಡಯ್ಯ ಕದ್ದು ಅಡ್ಡ ಬಂದ, ಕೈ ತಪ್ಪಿತು, ಅಷ್ಟೇ. ಮಾದಣ್ಣನ ಸುದ್ದಿ ಎತ್ತಲೇಬೇಡಿ ಎಂದರು. ಶಾಂತರಾಜು ಕಟಕಟೆಯಲ್ಲಿ ನಿಂತು ಬಾಯಿ ತೆರೆದ. "ಚೌಡಯ್ಯ ಕದ್ದು" ಎನ್ನುವಷ್ಟರಲ್ಲಿ ಹೆಗಲು ಬಡಿದುಕೊಳ್ಳತೊಡಗಿತು. ಬ್ಯಾಂಡೇಜಿನ ಬಟ್ಟೆ ಎಲ್ಲರಿಗೂ ಕಾಣುವಂತೆ ಎದ್ದು ಬಿದ್ದು ಎದ್ದು ಬೀಳುತ್ತಿತ್ತು. ಸದ್ದು ಅವನಿಗೊಬ್ಬನಿಗೇ. ತಲೆಬುರುಡೆ ಸೀಳುವಂಥ ಸದ್ದು. ಅವನು ಕಟಕಟೆಯ ಮರ ಹಿಡಿದು ಕುಸಿದ.

"ಮಾದಣ್ಣನನ್ನೂ ನಾನೇ ಹೊಡೆದೆ," ಎಂದ. "ಅವನು ಕದ್ದು ಬರಲಿಲ್ಲ, ಎದುರಿಗೇ ಬರುತ್ತಿದ್ದ. ತಮಟೆ ಬಡಿಯುತ್ತಿದ್ದ."

ಬಡಿತ ನಿಂತಿತು. ವಕೀಲರು ಕೈಸನ್ನೆ ಮಾಡುತ್ತಿದ್ದರು. ಅವನು ಆ ಕಡೆ ನೋಡಲಿಲ್ಲ. ಇನ್ನೇನು ಹೇಳಲಿ, ಏನು ಬೇಕಾದರೂ ಕೇಳಿ ಎಂದು ನ್ಯಾಯಾಧೀಶರನ್ನೇ ಬೇಡಿಕೊಳ್ಳುತ್ತಿದ್ದ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಚನ್ನಾಜಮ್ಮ ಅಷ್ಟು ಕೇಳಿದಳು. ಸೆರಗು ಸರಿಮಾಡಿಕೊಂಡು ಎದ್ದು, ರಾಮಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.