ಹಣೆ ಸುಡುವ ಕುಂಕುಮ

"ಕೈ ಸಡ್ಲ ಬಿಡ ನನ್ನವ್ವಾ! ಹಿಂಗ ಬಿಗಿ ಹಿಡದ್ರ ಬಳಿ ಒಡದು ಕೈಗೆ ಚುಚ್ಚತಾವ," ಎಂದಳು ಬಳೆಗಾರ್ತಿ ಪೀರಬಿ.

ಶಂಕ್ರೆವ್ವ ಕೈ ಸಡಿಲ ಬಿಟ್ಟಳು. ಪೀರಬಿ ಅವಳ ಬೆರಳುಗಳನ್ನು ಒತ್ತಿ, ಮಡಚಿ, ಹಸಿರು ಗಾಜಿನ ಬಳೆಯನ್ನು ಮೆಲ್ಲಗೆ ಗೆಣ್ಣು ದಾಟಿಸಿದಳು. ಇನ್ನೊಂದು ಕೈಯಿಂದ ಶಂಕ್ರೆವ್ವ ತಲೆಯ ಸೆರಗನ್ನು ಹುಬ್ಬಿನವರೆಗೆ ಎಳೆದು ಹಿಡಿದಿದ್ದಳು.

"ಆ ಕೈನೂ ಕೊಡಲ್ಲ. ಒಂದ ಕೈಗೆ ಬಳಿ ಇಟ್ಕೊಂಡು ತಿರಗತೀ ಏನು?"

ಕೊಡಲೇಬೇಕಾಯಿತು. ಸೆರಗು ಜಾರಿತು.

ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತಿದ್ದ ಪೀರಬಿಯ ಮಗಳು ಸಗೀರಾ ನೋಡಿಬಿಟ್ಟಳು. ಶಂಕ್ರೆವ್ವನ ಹಣೆಯ ನಡುವೆ ರೂಪಾಯಿ ಅಗಲದ ಕುಂಕುಮ. ಅದರ ಸುತ್ತ ಚರ್ಮ ಕೆಂಪಗೆ ಉಬ್ಬಿತ್ತು. ಒಂದು ಕಡೆ ಸುಲಿದು ನೀರು ಒಸರುತ್ತಿತ್ತು. ಆ ಹಸಿ ಗಾಯದ ಮೇಲೆಯೇ ಕುಂಕುಮ ಒತ್ತಿದ್ದಳು.

"ಏನ್ ಪಿಳಿಪಿಳಿ ನೋಡ್ತೀಯ? ನನಗೇನ್ ಕೋಡು ಮೂಡ್ಯಾವೇನು?" ಶಂಕ್ರೆವ್ವ ಗದರಿದಳು. ಸಗೀರಾ ತಲೆ ತಗ್ಗಿಸಿದಳು.

ಸಗೀರಾ ಮುದ್ದೇಬಿಹಾಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಐದನೇ ಕ್ಲಾಸು. ರವಿವಾರ ಬಂತೆಂದರೆ ಅಮ್ಮನ ಜತೆ ಓಣಿ ಓಣಿ ತಿರುಗುವುದು ಅವಳ ಕೆಲಸ. ದೊಡ್ಡ ಬಳೆಬುಟ್ಟಿ ಅಮ್ಮನ ತಲೆಯ ಮೇಲೆ. ರಿಬ್ಬನ್ನು, ಹೇರ್‌ಪಿನ್ನು, ಕುಂಕುಮದ ಪ್ಯಾಕೆಟ್ಟು ತುಂಬಿದ ಸಣ್ಣ ಬುಟ್ಟಿ ಇವಳ ಕಂಕುಳಲ್ಲಿ.

ಮುಂದಿನ ಮನೆ ಸಾತವ್ವನದು. ಊರಿಗೇ ಕೇಳುವಂಥ ಗಂಟಲು ಅವಳದು, ಆದರೆ ಅವತ್ತು ಮೆತ್ತಗಿದ್ದಳು. ಬಳೆ ಇಡಿಸಿಕೊಳ್ಳುವಾಗ ಅವಳ ಸೆರಗೂ ಜಾರಿತು. ಅಲ್ಲಿಯೂ ಅದೇ ಗಾಯ! ಅದರಾಚೆಯ ಮನೆಯಲ್ಲಿ ಹೊಸ ಸೊಸೆಗೂ ಅದೇ. ಓಣಿ ಮುಗಿಯುವಷ್ಟರಲ್ಲಿ ಸಗೀರಾ ಏಳು ಹಣೆ ನೋಡಿದ್ದಳು.

"ಅಮ್ಮಾ, ಏಳು ಮಂದಿಗೂ ಒಂದ ನಮೂನಿ ಹುಣ್ಣು ಯಾಕ?"

ಪೀರಬಿ ಗಕ್ಕನೆ ನಿಂತಳು. "ಸುಮ್ನ ನಡಿ. ಬಳಿಗಾರ್ತಿಗೆ ಕಣ್ಣಿರಬೇಕು, ಬಾಯಿ ಇರಬಾರ್ದು. ಮನಿ ಒಳಗ ಕಂಡದ್ದು ಓಣ್ಯಾಗ ಆಡಿದ್ರ ನಾಳೆ ಯಾರ ಬಾಗಲಾ ತಗೀತಾರ ನಮಗ?"

ಮರುದಿನ ಶಾಲೆಯಲ್ಲಿ ಹುಚ್ಚವ್ವ ಸಪ್ಪಗಿದ್ದಳು. ಶಂಕ್ರೆವ್ವನ ಮಗಳು ಅವಳು. ಸಗೀರಾಳ ಪಕ್ಕದಲ್ಲೇ ಕೂಡುವವಳು. ಪಾಟಿ ಒರೆಸುತ್ತ ಪಿಸುಗುಟ್ಟಿದಳು:

"ನಮ್ಮವ್ವ ಹಣಿ ಉರಿ ಅಂತ ಅಳತಾಳ. ಕುಂಕುಮಾ ಬಿಡಬೇ ಅಂದ್ರ ಬಿಡವಲ್ಲಳು. ಹಣೀನ ಕುಂಕುಮಾ ಒಲ್ಲೆ ಅಂದ್ರ ಗಂಡಗ ಕೇಡಂತ. ನಮ್ಮಾಯಿ ಹೇಳ್ಯಾಳ. ನಮ್ಮಪ್ಪಗ ಏನರ ಆದ್ರ?" ಆಮೇಲೆ ಕೈ ಚಾಚಿದಳು. "ಯಾರ ಮುಂದೂ ಹೇಳಬ್ಯಾಡ. ಆಣಿ ಮಾಡು."

ಸಗೀರಾ ಆಣೆ ಮಾಡಿದಳು. ಆದರೆ ತಲೆ ಸುಮ್ಮನಿರಬೇಕಲ್ಲ! ಏಳು ಮಂದಿಯೂ ಕುಂಕುಮ ಕೊಂಡದ್ದು ಯಾರ ಹತ್ತಿರ? ತನ್ನ ಕಂಕುಳಲ್ಲಿನ ಬುಟ್ಟಿಯಿಂದಲೇ.

ಮನೆಗೆ ಬಂದವಳೇ ಒಂದು ಪ್ಯಾಕೆಟ್ಟು ಬಿಚ್ಚಿದಳು. ಅವರ ಮನೆಯಲ್ಲಿ ಕುಂಕುಮ ಹಚ್ಚುವವರೇ ಇಲ್ಲ. ಅದು ಬರೀ ಮಾರುವ ಸಾಮಾನು. ಒಂದು ಚಿಟಿಕೆ ನೀರಲ್ಲಿ ಕಲಸಿ ಮುಂಗೈಗೆ ಹಚ್ಚಿಕೊಂಡಳು. ಎಷ್ಟು ಕೆಂಪೆಂದರೆ, ನೋಡಿದರೆ ಕಣ್ಣು ಕುಕ್ಕಬೇಕು. ಮರುದಿನ ಹಚ್ಚಿದ ಜಾಗವೆಲ್ಲ ನವೆ. ಮೂರನೇ ದಿನ ಗುಳ್ಳೆ.

"ಏನಿದು?" ಎಂದು ಪೀರಬಿ ಅವಳ ಕೈ ಹಿಡಿದಳು. ಸಗೀರಾ ಹೇಳಿದಳು.

ಪೀರಬಿ ಬಿಚ್ಚಿದ ಪ್ಯಾಕೆಟ್ಟನ್ನು ಎತ್ತಿ ನೋಡಿದಳು. "ಯಾ ಅಲ್ಲಾ! ಮೊದಲ ಹುಣಚಗಿ ಊರಾನ ಮುದುಕಿ ಒಬ್ಬಾಕಿ ಮನ್ಯಾಗ ಅರಿಷಿಣಾ ಕುಟ್ಟಿ ಕುಂಕುಮಾ ಮಾಡಿ ಕೊಡ್ತಿದ್ಲು. ಆಕಿ ಸತ್ತ ಮ್ಯಾಲೆ ತಾಳಿಕೋಟಿ ಅಂಗಡ್ಯಾಗ ಈ ಪ್ಯಾಕೀಟ್ ತಂದೆ. ಬಣ್ಣ ಚಲೋ ಐತಿ ಅಂತ ತಂದೆ. ನಾ ಹಚ್ಕೊಳ್ಳಾಕಿ ಅಲ್ಲ, ನನಗ ಹೆಂಗ ತಿಳೀಬೇಕು ಸುಡತೈತಿ ಅಂತ?"

ಮರುದಿನವೇ ಪೀರಬಿ ತಾಳಿಕೋಟೆ ಬಸ್ಸು ಹತ್ತಿದಳು. ಸಂಜೆ ಬಂದವಳು ಒಲೆ ಹೊತ್ತಿಸಲಿಲ್ಲ.

"ಏನಂದ್ರು ಅಮ್ಮಾ?"

"ಏನಂತಾರ? 'ನೀ ಏನ್ ಕುಂಕುಮಾ ಹಚ್ಚಾಕೇನು? ಯಾವ ಮುತ್ತೈದಿ ಬಂದು ನನಗ ಹೇಳ್ಯಾಳ?' ಅಂದ್ರು. ಮಂದಿ ಮುಂದ ನಕ್ರು."

ಸಗೀರಾಳ ಕಿವಿ ಬಿಸಿಯಾದವು. ಮುತ್ತೈದೆಯರು ಹೇಳಬೇಕಂತೆ! ಅವರೋ, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು ಸೆರಗಿನಲ್ಲಿ ಮುಚ್ಚಿಕೊಂಡಿದ್ದಾರೆ. ಪ್ರತಿಯೊಬ್ಬಳೂ ತನ್ನೊಬ್ಬಳಿಗೇ ಕೇಡು ಬಂದಿದೆ ಎಂದುಕೊಂಡಿದ್ದಾಳೆ. ಎಲ್ಲರ ಹಣೆಯನ್ನೂ ಕಂಡವರು ಓಣಿಗೆಲ್ಲ ಅಮ್ಮ, ತಾನು ಇಬ್ಬರೇ. ಅಮ್ಮ ಬಾಯಿ ಬಿಡಬೇಡ ಎಂದಿದ್ದಾಳೆ. ಗೆಳತಿಗೆ ಆಣೆ ಮಾಡಿ ಆಗಿದೆ. ರೊಟ್ಟಿಯಿಲ್ಲದೆ ಮಲಗಿದವಳು ನಸುಕಿನಲ್ಲೇ ಎದ್ದು ಕೊಡ ಎತ್ತಿಕೊಂಡಳು.

ಮುಂಜಾನೆ ಬಾವಿಯ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಸಗೀರಾ ತನ್ನ ಕೊಡ ಕೆಳಗಿಟ್ಟಳು.

"ನಿಮಗೆಲ್ಲಾರಿಗೂ ಹಣಿ ಮ್ಯಾಲೆ ಹುಣ್ಣಾಗೇತಿ," ಎಂದಳು. "ಶಂಕ್ರೆವ್ವ ಅತ್ತಿಗೂ ಆಗೇತಿ, ಸಾತವ್ವ ಅತ್ತಿಗೂ ಆಗೇತಿ. ಏಳು ಮಂದಿದು ನಾ ನೋಡೇನಿ. ಕೇಡೂ ಅಲ್ಲ, ಏನೂ ಅಲ್ಲ. ನಾವು ತಾಳಿಕೋಟಿ ಅಂಗಡಿಂದ ತಂದು ಮಾರಿದ ಕುಂಕುಮಾನ ಅದು. ಅಮ್ಮ ಹೋಗಿ ಹೇಳಿದ್ರ, ಮುತ್ತೈದೇರು ಬಂದು ಹೇಳಲಿ ಅಂತ ಅಂಗಡಿ ಸಾವಕಾರ ನಕ್ಕ. ನನ್ನ ಕೈ ನೋಡ್ರಿ."

ಹಗ್ಗ ಎಳೆಯುತ್ತಿದ್ದ ಕೈಗಳು ನಿಂತವು.

"ಎಲಾ ಹುಡುಗಿ!" ಶಂಕ್ರೆವ್ವ ಚೀರಿದಳು. "ನಮ್ಮ ಹಣಿ ಸುದ್ದಿ ಬಾವಿಕಟ್ಟಿಗೆ ತಂದ್ಯಾ? ನಿಮ್ಮವ್ವ ಇದನ್ನ ಕಲಿಸ್ಯಾಳೇನು?"

ಹುಚ್ಚವ್ವ ಅವ್ವನ ಹಿಂದೆ ನಿಂತಿದ್ದಳು. ಸಗೀರಾಳಿಂದ ಮುಖ ತಿರುಗಿಸಿದಳು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಆಗ ಸಾತವ್ವ ಕೊಡ ಇಳಿಸಿ ಸೆರಗು ಸರಿಸಿದಳು. "ನಂದೂ ಆಗೇತೆವ್ವಾ. ಹದಿನೈದು ದಿವಸ ಆತು, ನಿದ್ದಿಲ್ಲ." ಹೊಸ ಸೊಸೆ ಅತ್ತೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ತಾನೂ ಸರಿಸಿದಳು. ಆಮೇಲೆ ಇನ್ನೊಬ್ಬಳು. ಕೊನೆಗೆ ಶಂಕ್ರೆವ್ವ. ಒಬ್ಬರ ಹಣೆ ಒಬ್ಬರು ನೋಡುತ್ತ ನಿಂತರು.

"ಅಲ್ಲಬೇ, ನಾವೆಲ್ಲಾರೂ ಕೂಡಿ ಮುಚ್ಚಿಡಾಕತ್ತೇವಿ, ಅಂವ ಕುಂತು ಮಾರಾಕತ್ತಾನ!" ಎಂದಳು ಸಾತವ್ವ. ಅವಳ ಗಂಟಲು ಮತ್ತೆ ಮೊದಲಿನಂತಾಗಿತ್ತು. "ಎಷ್ಟೊತ್ತಿಗೈತಿ ತಾಳಿಕೋಟಿ ಬಸ್ಸು?"

ಆ ರವಿವಾರ ತಾಳಿಕೋಟೆಯ ಪರಮಾನಂದ ಸಾವಕಾರನ ಅಂಗಡಿಯ ಮುಂದೆ ಏಳು ಮಂದಿ ಹೆಂಗಸರು, ಪೀರಬಿ ಮತ್ತು ಸಗೀರಾ ಇಳಿದರು. ಗಾದಿಯ ಮೇಲೆ ಸಾವಕಾರ, ಅವನ ಪಕ್ಕದಲ್ಲಿ ಹಾಡುವ ರೇಡಿಯೋ. ಬಾಗಿಲ ಬಳಿ ಬಾಯಿ ತೆರೆದ ಕುಂಕುಮದ ಚೀಲ.

"ಬರ್ರಿ ಬರ್ರಿ, ಏನ್ ತೋರಸಲಿ?"

"ನಾವು ತೋರಸಾಕ ಬಂದೇವ್ರಿ," ಎಂದು ಸಾತವ್ವ ಹಣೆ ಮುಂದೆ ಚಾಚಿದಳು.

ಸಾವಕಾರ ನೋಡಿದ. ಪೀರಬಿಯನ್ನೂ ನೋಡಿದ. "ಬಿಸಲಿಗೆ ಆಗಿರಬೇಕು ತಗೋರಿ. ಹೊಲದಾಗ ದುಡಿಯೋ ಮಂದಿ ನೀವು."

"ಬಿಸಲು ಹಣಿ ನಡಬರಕ ರೂಪಾಯಿಯಷ್ಟ ಬೀಳತೈತೇನ್ರಿ?" ಎಂದಳು ಸಾತವ್ವ.

ಹಾದಿಯಲ್ಲಿ ಹೋಗುತ್ತಿದ್ದ ಹಮಾಲರು ನಕ್ಕು ನಿಂತರು. ಸಾವಕಾರನಿಗೆ ಸಿಟ್ಟು ಬಂತು.

"ನೋಡ್ರಿ, ಈ ಮಾಲು ಇಂಡಿಗೆ ಹೋಗತೈತಿ, ಸಿಂದಗಿಗೆ ಹೋಗತೈತಿ, ಬಾಗೇವಾಡಿಗೆ ಹೋಗತೈತಿ. ಎಲ್ಲೂ ತಕರಾರಿಲ್ಲ. ನಿಮ್ಮ ಓಣ್ಯಾಗ ಮಾತ್ರ ಯಾಕ ಸುಡತೈತಿ?"

ಸಗೀರಾ ಮನಸ್ಸಿನಲ್ಲೇ ಎಣಿಸಿದಳು. ಇಂಡಿಯಲ್ಲಿ, ಸಿಂದಗಿಯಲ್ಲಿ, ಬಾಗೇವಾಡಿಯಲ್ಲಿ ಎಷ್ಟು ಸೆರಗುಗಳು ಹಣೆಯವರೆಗೆ ಇಳಿದಿವೆಯೋ!

"ಇದರಾಗ ಏನ್ ಕಲಸ್ಯಾರ್ರಿ?" ಪೀರಬಿ ಕೇಳಿದಳು.

"ನನಗೇನ ಗೊತ್ತು? ಮುಂಬಯಿ ಕಡಿಂದ ಚೀಲ ಬರತಾವ. ತುಂಬಿ ಕೊಡ್ತೇವಿ."

"ಗೊತ್ತಿಲ್ಲಂದ್ರ ಈಗ ಗೊತ್ತಾಗಲಿ." ಸಾತವ್ವ ಚೀಲಕ್ಕೆ ಬೆರಳದ್ದಿ ಗಾದಿಯ ಹತ್ತಿರ ಹೋದಳು. "ನಿಮ್ಮ ಹಣಿ ಇತ್ತಾಗ ತರ್ರಿ. ನಾಕ ದಿನ ಹಚ್ಕೊಂಡು ನೋಡ್ರಿ."

ಸಾವಕಾರ ಗೋಡೆಗೆ ಒರಗುವವರೆಗೆ ಹಿಂದೆ ಸರಿದ. ಅಷ್ಟರಲ್ಲಿ ಒಳಬಾಗಿಲ ಪರದೆ ಸರಿಸಿ ಅವನ ಸಣ್ಣ ಮಗಳು ಇಣುಕಿದಳು.

"ಅಪ್ಪಾ, ಕುಂಕುಮಾ ಬೇಕೇನು? ಅದು ಅಂಗಡೀದು, ಅದು ಬ್ಯಾಡ. ಅವ್ವನ ಪಂಢರಪುರದ್ದು ಒಳಗೈತಿ, ತರ್ಲ್ಯಾ?"

ಸಾವಕಾರ ಹಾಡುತ್ತಿದ್ದ ರೇಡಿಯೋದ ಕಿವಿ ಹಿಂಡಿ ಬಂದ್ ಮಾಡಿದ.

ಅಲ್ಲಿಯವರೆಗೆ ಹಿಂದೆ ನಿಂತಿದ್ದ ಶಂಕ್ರೆವ್ವ ಒಂದು ಹೆಜ್ಜೆ ಮುಂದೆ ಬಂದಳು.

"ನಿಮ್ಮ ಹೆಂಡ್ರ ಹಣಿ ಹಣಿ. ನಮ್ಮದೇನ್ ರೊಟ್ಟಿ ಹಂಚೇನ್ರಿ ಸಾವಕಾರ್ರ?"

ಆಮೇಲೆ ಹೆಂಗಸರು ಅಂಗಡಿಯ ಮೆಟ್ಟಿಲ ಮೇಲೆಯೇ ಕೂತರು. ಗಿರಾಕಿ ಬಂದರೆ ಸಾತವ್ವ ಹಣೆ ತೋರಿಸುವಳು. ಬಂದವರು ಹಾಗೇ ಹಿಂದಕ್ಕೆ ಹೋಗುವರು. ಮಧ್ಯಾಹ್ನದವರೆಗೆ ಸಾವಕಾರ ಬೈದ, ಆಮೇಲೆ ಬೇಡಿಕೊಂಡ. ಕೊನೆಗೆ ಹಮಾಲರನ್ನು ಕರೆದು ಚೀಲದ ಬಾಯಿ ಹೊಲಿಸಿದ. ಬಂದ ಕಡೆಗೇ ವಾಪಸ್ ಕಳಿಸುತ್ತೇನೆ ಎಂದ.

"ಮುಂದಿನ ವಾರ ಬಂದು ನೋಡ್ತೇವಿ," ಎಂದಳು ಸಾತವ್ವ. ಪೀರಬಿ ಬಸ್‌ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸಿನ ಕಂಡಕ್ಟರನನ್ನು ಹಿಡಿದು, ಅಲ್ಲಿ ಬಳೆ ಮಾರುವ ತನ್ನ ತಂಗಿ ರಹಿಮಾಬಿಗೆ ಸುದ್ದಿ ಹೇಳಿಕಳಿಸಿದಳು: "ಪ್ಯಾಕೀಟ್ ಕುಂಕುಮಾ ಮುಟ್ಟಬ್ಯಾಡ ಅನ್ರಿ. ಇಂಡಿ ಬಳಿಗಾರ್ತ್ಯಾರಿಗೂ ಹೇಳು ಅನ್ರಿ."

ಗೆದ್ದೆವು ಎಂದುಕೊಂಡಳು ಸಗೀರಾ. ಆದರೆ ಮರುದಿನ ಸಂಜೆ ಅಮ್ಮ ಖಾಲಿ ಕೈಯಲ್ಲಿ ಹೊರಟು ನಿಂತಳು.

"ಬುಟ್ಟಿ?"

"ಬುಟ್ಟಿ ಬ್ಯಾಡ. ಇನ್ನಾ ಮೂರು ಓಣ್ಯಾಗ ಆ ಕುಂಕುಮಾ ಕೊಟ್ಟೇನಿ. ಹೇಳಬೇಕು."

ಮೊದಲ ಮನೆಯ ಬಾಗಿಲಲ್ಲಿ ಪೀರಬಿ ಹೇಳಿದಳು: "ಯಕ್ಕಾ, ನಾ ಕೊಟ್ಟ ಕುಂಕುಮಾ ಹಚ್ಚಬ್ಯಾಡ್ರಿ. ಸುಡತೈತಿ. ನಾ ವಿಚಾರಿಸದ ತಂದೆ, ನಂದೂ ತಪ್ಪಾತು."

"ಮನಿ ಮನಿಗೆ ವಿಷಾ ಹಂಚಿ ಈಗ ತಪ್ಪಾತು ಅಂತಾಳ!" ಬಾಗಿಲು ಧಡ್ಡನೆ ಮುಚ್ಚಿತು.

ಸಗೀರಾಳ ಕಣ್ಣಲ್ಲಿ ನೀರು ಬಂತು. "ತಪ್ಪು ಆ ಸಾವಕಾರಂದು! ನಿಂದು ಅಂತ ಯಾಕ ಹೇಳ್ತಿ? ಅಂವ ಒಂದ ಸಲಾನೂ ತಪ್ಪಾತು ಅನ್ನಲಿಲ್ಲ!"

"ಹೌದು, ಅನ್ನಲಿಲ್ಲ," ಎಂದಳು ಪೀರಬಿ. ಮುಂದಿನ ಮನೆಗೆ ನಡೆದಳು.

ಎರಡನೆಯ ಮನೆಯಲ್ಲಿ ಬೈಗುಳ. ಮೂರನೆಯ ಮನೆಯ ಮುದುಕಿ ಸುಮ್ಮನೆ ಕೇಳಿ, ಒಳಗಿನಿಂದ ಪ್ಯಾಕೆಟ್ಟು ತಂದು ತಿಪ್ಪೆಗೆ ಎಸೆದಳು. ಪ್ರತಿ ಬಾಗಿಲಲ್ಲಿಯೂ ಅಮ್ಮ ಅದೇ ಮಾತು ಹೇಳಿದಳು, ಒಂದು ಅಕ್ಷರ ಬಿಡದೆ. ಏಳನೆಯ ಬಾಗಿಲಿಗೆ ಬರುವಷ್ಟರಲ್ಲಿ ಅವಳ ಗಂಟಲು ಒಣಗಿತ್ತು.

ಬಾಗಿಲು ಅರ್ಧ ತೆರೆಯಿತು. ಪೀರಬಿ ಬಾಯಿ ತೆರೆಯುವ ಮೊದಲೇ ಸಗೀರಾ ಅವಳ ಮುಂದೆ ಬಂದು ನಿಂತಳು.

"ಯಕ್ಕಾ, ನಾವು ಕೊಟ್ಟ ಕುಂಕುಮಾ ಹಚ್ಚಬ್ಯಾಡ್ರಿ. ಸುಡತೈತಿ," ಎಂದಳು. "ನಾವು ವಿಚಾರಿಸದ ತಂದ್ವಿ. ನಮ್ಮದೂ ತಪ್ಪಾತು."

ಇಷ್ಟು ಸಣ್ಣ ಮಾತು ಇಷ್ಟು ಭಾರ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮ ಇದನ್ನು ಆರು ಸಲ ಹೊತ್ತಿದ್ದಳು.

ಬಾಗಿಲ ಸಂದಿಯಲ್ಲಿದ್ದ ಹೆಂಗಸು ಸೆರಗಿನ ಮೇಲಿಂದಲೇ ಹಣೆ ಮುಟ್ಟಿಕೊಂಡಳು. ಬಾಗಿಲು ಮುಚ್ಚಲಿಲ್ಲ. ಸಗೀರಾ ಅಮ್ಮನ ಕೈ ಹಿಡಿದುಕೊಂಡು, ಕಾಯುತ್ತ ನಿಂತಳು.