ಇದ್ದಿಲು ಹಾಕದ ಡಬ್ಬಿ

"ಮೊಸರನ್ನ ಮನೆ ದಾಟೋವಾಗ ಒಂದು ಚೂರು ಇದ್ದಿಲು ಹಾಕ್ಬೇಕು ಕಣೇ, ಇಲ್ದಿದ್ರೆ ಏನಾದ್ರೂ ಬೆನ್ನು ಹತ್ತುತ್ತೆ," ಎನ್ನುತ್ತಿದ್ದರು ನಮ್ಮತ್ತೆ. ನಾನು ಹಾಕುತ್ತಿರಲಿಲ್ಲ.

ಆ ಬೆಳಿಗ್ಗೆ ಎಫ್‌ಎಂನಲ್ಲಿ ಊರಿನ ಸಿಹಿಸುದ್ದಿ ಬರುತ್ತಿತ್ತು: "ಕಗ್ಗದಾಸಪುರ ಕೆರೆ ಹತ್ತಿರ ಕಾಣೆಯಾಗಿದ್ದ ಶಾಲಾ ಬಾಲಕಿ ಇಂದು ಮನೆ ಸೇರಿದ್ದಾಳೆ."

ನಮ್ಮ ಏರಿಯಾದವಳೇ! ಸದ್ಯ, ಆ ತಾಯಿ ಬದುಕಿದಳು ಎಂದುಕೊಂಡು, ಹಿಂದೆ ಬಂದು ನಿಂತ ಮಗಳು ತನ್ಮಯಿಗೆ ತಿರುಗಿ ನೋಡದೆಯೇ ಮೊಸರನ್ನದ ಡಬ್ಬಿ ಕೊಟ್ಟೆ. ಅವಳ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. ಪಾಚಿಯ ವಾಸನೆ. ನೆಲಕ್ಕೆ ನೀರು ತೊಟ್ಟಿಕ್ಕುವ ಸದ್ದು.

"ತಲೆ ಸರಿಯಾಗಿ ಒರೆಸ್ಕೊಳ್ಳೇ," ಎಂದು ಗದರಿದೆ.

ಬಚ್ಚಲುಮನೆಯಿಂದ ತನ್ಮಯಿ ಕೂಗಿದಳು: "ಅಮ್ಮಾ, ಟವೆಲ್ ಕೊಡು!"

ತಿರುಗಿದರೆ ಯಾರೂ ಇಲ್ಲ. ಡಬ್ಬಿಯೂ ಇಲ್ಲ.

ಸಂಜೆ ಅದು ಹೊಸಿಲ ಮೇಲಿತ್ತು, ಖಾಲಿಯಾಗಿ. ಬೆಳಗಿನ ಸುದ್ದಿ ತಪ್ಪಂತೆ, ಆ ಹುಡುಗಿಯ ಹೆಣ ಕೆರೆಯಲ್ಲಿ ಸಿಕ್ಕಿತು ಎಂದಿತು ಎಫ್‌ಎಂ.

ಅವತ್ತಿನಿಂದ ದಿನಾ ಎರಡು ಡಬ್ಬಿ ಕಟ್ಟುತ್ತೇನೆ. ಇದ್ದಿಲು ಹಾಕುವುದು ತನ್ಮಯಿಯದಕ್ಕೆ ಮಾತ್ರ.