ಹೆಬ್ಬೆರಳಿನ ಅಳತೆ

"ಈ ಪಟ್ಟಿ ಮಾಡಿದ ಪುಣ್ಯಾತ್ಮ ಎಲ್ಲಿ ಅದಾನ್ರಿ? ಒಮ್ಮಿ ಅವನ ಕೈಲೇ ಬಿಚ್ಚಿಸಿ ನೋಡಬೇಕಾಗೇದ."

ರಾಯಚೂರಿನ ಕೈಗಾರಿಕಾ ಪ್ರದೇಶದಲ್ಲಿ ವಲಿ ಪಾಷಾ ಅವರ ಪ್ಲಾಸ್ಟಿಕ್ ಕಾರ್ಖಾನೆ ಎಂದರೆ ಎರಡು ಮೋಲ್ಡಿಂಗ್ ಮಷೀನು, ಒಂದು ಕಂಪ್ಯೂಟರು, ಅಂಗಳದಲ್ಲೊಂದು ಬೇವಿನ ಮರ. ಬಾಗಿಲಲ್ಲಿ ನಿಂತು ಕೂಗಿದವನ ಬೆನ್ನ ಹಿಂದೆ ಬಿಸಿಲು ಎಷ್ಟು ಜೋರಾಗಿತ್ತೆಂದರೆ, ವಿಶಾಖಾಳಿಗೆ ಮೊದಲು ಕಂಡದ್ದು ಅವನ ಎತ್ತರ. ಆಮೇಲೆ ಅಂಗಿಗೆ ಅಂಟಿದ್ದ ಭತ್ತದ ಹೊಟ್ಟು. ಕಡೆಗೆ, ಅವನ ಕೈಯಲ್ಲಿದ್ದ ತನ್ನ ಪಟ್ಟಿ.

ಹೌದು, ತನ್ನದೇ. ಚೀಲದ ಬಾಯಿಗೆ ಸುತ್ತಿ, ತುದಿಯನ್ನು ತಲೆಯ ತೂತಿನಲ್ಲಿ ತೂರಿಸಿ ಎಳೆದರೆ ಒಳಗಿನ ಪುಟ್ಟ ನಾಲಿಗೆ ಪಟ್ಟಿಯ ಹಲ್ಲುಗಳನ್ನು ಕಚ್ಚಿ ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಪಟ್ಟಿಗಳನ್ನು ಒಮ್ಮೆ ಬಿಗಿದರೆ ಕತ್ತರಿಸಿಯೇ ಬಿಚ್ಚಬೇಕು. ಇದು ಹಾಗಲ್ಲ. ತಲೆಯ ಮೇಲಿನ ಎಸಳನ್ನು ಒತ್ತಿದರೆ ನಾಲಿಗೆ ಮೇಲೇಳುತ್ತದೆ, ಪಟ್ಟಿ ಜಾರಿ ಹಿಂದೆ ಬರುತ್ತದೆ, ಮತ್ತೆ ಕಟ್ಟಬಹುದು. ಡಿಗ್ರಿ ಮುಗಿಸಿದ ಮೇಲೆ ಅವಳು ಮಾಡಿದ ಮೊದಲ ವಸ್ತು.

"ಏನಾಗೇದ್ರಿ ಅದಕ್ಕ?" ಎಂದಳು.

"ಉದ್ದ ಉಗುರು ಬಿಟ್ಟವ್ರು ಬಿಚ್ಚಬಹುದು. ನಮ್ಮ ಪೋತ್ನಾಳದ ಬೀಜದ ಗೋದಾಮಿನ್ಯಾಗ ಚೀಲ ಹೊರೋರಿಗೆ ಉಗುರು ಎಲ್ಲಿಂದ ತರೋಣ? ನಿಮ್ಮ ಸಾಹೇಬ್ರು ಸ್ಯಾಂಪಲ್ ಕೊಟ್ರಂತ ಖುಷಿಯಿಂದ ಒಯ್ದಿದ್ದೆ. ಬೀಜದ ತ್ಯಾವ ನೋಡಾಕ ಚೀಲ ಪದೇ ಪದೇ ಬಿಚ್ಚಬೇಕು. ಪ್ರತಿ ಸಲ ಪಟ್ಟಿ ಕತ್ತರಿಸಿದ್ರ ಆ ತುಣುಕೆಲ್ಲ ಬೀಜದಾಗ ಬೀಳ್ತಾವ. ಇದರ ಬುದ್ಧಿ ಚಲೋ ಅದ, ಬೆರಳ ಸರಿ ಇಲ್ಲ. ಯಾರು ಮಾಡ್ಯಾರ?"

'ನಾನೇ' ಎನ್ನಬೇಕೆಂದುಕೊಂಡಳು, ಅನ್ನಲಿಲ್ಲ. ಕಾಲೇಜಿನ ಕೊನೆಯ ವರ್ಷದ ಪರೀಕ್ಷೆಯಲ್ಲಿ ತಾನು ಮಾಡಿದ ಪ್ರಾಜೆಕ್ಟನ್ನು ಮುಂದಿಟ್ಟಾಗ ಪರೀಕ್ಷಕರು ನಕ್ಕು, "ಯಾರ ಕಡೆ ಮಾಡಿಸಿದಿಯಮ್ಮ?" ಎಂದಿದ್ದರು. ಅಂದಿನಿಂದ ಆ ಒಂದು ಮಾತನ್ನು ಆಡುವುದೇ ಅವಳಿಗೆ ಭಾರ. ಇವತ್ತಂತೂ ತಲೆಗೆ ದುಪಟ್ಟಾ ಬಿಗಿದು, ಏಪ್ರನ್ ತೊಟ್ಟು, ಮಷೀನಿನ ಮುಂದೆ ಪಟ್ಟಿಗಳ ಹೆಚ್ಚುವರಿ ಅಂಚು ತರಿಯುತ್ತ ಕೆಲಸದವಳ ಹಾಗೆ ಕೂತಿದ್ದಳು.

"ಸರ್‌ಗೆ ಹೇಳ್ತೀನ್ರಿ," ಎಂದುಬಿಟ್ಟಳು.

"ಹೇಳ್ರಿ. ಮಾನ್ವಿ ಸಂಜೀವ ಬಂದಿದ್ದ, ಬೈದು ಹೋದ ಅನ್ರಿ." ಬಾಗಿಲು ದಾಟಿದವನು ಹೊರಳಿ ನೋಡಿದ. "ಅಲ್ರಿ, ಬೈದ ಅನ್ನಬ್ಯಾಡ್ರಿ. ಕೇಳ್ಕೊಂಡ ಅನ್ರಿ."

ಅವನು ಹೋದ ಮೇಲೆ ಅವಳು ತನ್ನ ಉಗುರುಗಳನ್ನು ನೋಡಿಕೊಂಡಳು. ಉದ್ದವಾಗಿಯೇ ಇದ್ದವು. ಸಂಜೆಯೇ ಕಂಪ್ಯೂಟರಿನ ನಕ್ಷೆಯಲ್ಲಿ ಎಸಳನ್ನು ಅಗಲ ಮಾಡಿದಳು.

*

ಹೀಗೆ ಪಟ್ಟಿ ಮಾಡಿದವರೆಂಬ, ಇಲ್ಲದ ಒಬ್ಬ ಸರ್ ಇಬ್ಬರ ನಡುವೆ ಬಂದು ಕೂತರು.

ಸಂಜೀವ ಬಂದಾಗಲೆಲ್ಲ ಸರ್ ಹೊರಗೆ ಹೋಗಿರುತ್ತಿದ್ದರು. ಅವನು ಅವಳಿಗೆ ಹೇಳುತ್ತಿದ್ದ, ಅವಳು "ಸರ್ ಹಿಂಗಂದ್ರು" ಎಂದು ಉತ್ತರ ಕೊಡುತ್ತಿದ್ದಳು. ಸರ್ ಹೆಸರಿನಲ್ಲಿ ಮಾತಾಡುವಾಗ ಅವಳ ದನಿ ನಡುಗುತ್ತಿರಲಿಲ್ಲ.

"ನಿಮ್ಮ ಸರ್ ಭಾಳ ಶಾಣ್ಯಾ ಅದಾರ್ರಿ," ಎಂದ ಒಂದು ದಿನ, ಬೇವಿನ ನೆರಳಲ್ಲಿ. "ನಾನು ಅರ್ಧ ಹೇಳಿದ್ರ ಪೂರ್ತಿ ತಿಳ್ಕೊಂತಾರ. ಅಂಥವ್ರ ಜೋಡಿ ದಿನಾ ಕೆಲಸ ಮಾಡ್ತೀರಿ, ನಿಮ್ಮದು ಪುಣ್ಯ."

"ಅಷ್ಟೇನಿಲ್ರಿ. ಸ್ವಲ್ಪ ಅಂಜುಬುರುಕರು."

"ಹಂಗನಬ್ಯಾಡ್ರಿ. ದೊಡ್ಡವ್ರ ಬಗ್ಗೆ." ಅವನು ನಿಜವಾಗಿಯೂ ಮುನಿಸಿಕೊಂಡ.

ವಿಶಾಖಾಳಿಗೆ ನಗು ಬಂತು. ನಗುವಿನ ಬೆನ್ನಿಗೇ ಸಣ್ಣದೊಂದು ಉರಿಯೂ ಬಂತು. ಇವನು ಮೆಚ್ಚುವುದೆಲ್ಲ ಅವರನ್ನು. ತನ್ನನ್ನು ನೋಡುವುದು ಮಾತ್ರ ಕದ್ದು, ಚಹಾದ ಲೋಟದ ಅಂಚಿನ ಮೇಲಿಂದ. ಆ ನೋಟ ತನಗೆ ಬೇಕಿತ್ತು. ಆ ಮೆಚ್ಚುಗೆಯೂ ತನ್ನದೇ ಆಗಿತ್ತು. ಎರಡನ್ನೂ ಒಂದೇ ಕೈಯಲ್ಲಿ ಇಸಕೊಳ್ಳುವ ಧೈರ್ಯ ಇರಲಿಲ್ಲ.

ಅಗಲ ಮಾಡಿದ ಎಸಳಿನಿಂದ ಹೊಸ ತೊಂದರೆ ಹುಟ್ಟಿತು. ಚೀಲ ಒಂದರ ಮೇಲೊಂದು ಒಟ್ಟಿದಾಗ ಮೇಲಿನ ಚೀಲ ಕೆಳಗಿನದರ ಎಸಳನ್ನು ಒತ್ತಿ, ಬಾಯಿ ಬಿಚ್ಚಿಕೊಂಡು ಬೀಜ ಚೆಲ್ಲುತ್ತಿತ್ತು.

ಆ ಭಾನುವಾರ ಅವಳು ದೇವದುರ್ಗದ ಮನೆಯಲ್ಲಿದ್ದಳು. ಅವ್ವ ವೆಂಕಮ್ಮ ರೊಟ್ಟಿ ಹಿಟ್ಟು ನಾದಿ, ಹದ ಬಂತೇ ಎಂದು ಹೆಬ್ಬೆರಳಿಂದ ಒತ್ತಿ ನೋಡಿದಳು. ಹಿಟ್ಟಿನಲ್ಲೊಂದು ಗುಳಿ ಉಳಿಯಿತು. ವಿಶಾಖಾ ಅದರ ಮೇಲೆ ಅಂಗೈ ಇಟ್ಟಳು. ಅಂಗೈ ಗುಳಿಯ ತಳ ಮುಟ್ಟಲಿಲ್ಲ.

"ಚೀಲಕ್ಕ ಹೆಬ್ಬೆರಳಿಲ್ಲ!" ಎಂದು ಚೀರಿದಳು.

"ಏನು ಹುಚ್ಚು ಹಿಡೀತವ್ವ ನಿನಗ?" ಎಂದಳು ವೆಂಕಮ್ಮ.

ಎಸಳನ್ನು ಗುಳಿಯೊಳಗೆ ಇಳಿಸಬೇಕು. ಚೀಲ ಎಷ್ಟೇ ಒತ್ತಿದರೂ ಅಂಚಿನ ಮೇಲೆ ಕೂರುತ್ತದೆ; ಬೆರಳೊಂದೇ ಒಳಗೆ ಇಳಿಯುತ್ತದೆ. ಹಾಗಾದರೆ ಗುಳಿ ಎಷ್ಟಗಲ ಇರಬೇಕು?

"ಸರ್ ನಿಮ್ಮ ಹೆಬ್ಬೆರಳಿನ ಅಳತಿ ಕೇಳ್ಯಾರ," ಎಂದಳು, ಅವನು ಮುಂದಿನ ಸಲ ಬಂದಾಗ. ಕೈಯಲ್ಲಿ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಹಿಡಿದಿದ್ದಳು.

"ನಂದ ಯಾಕಂತ?"

"ಗೋದಾಮಿನ್ಯಾಗ ನಿಮ್ಮದ ದಪ್ಪ ಇರಬೇಕು ಅಂದ್ರು."

ಅವನು ಕೈ ಚಾಚಿದ. ಉಕ್ಕಿನ ಎರಡು ತುಟಿಗಳ ನಡುವೆ ಅವನ ಬೆರಳು ನಿಂತಿತು. ಅಂಕಿ ಓದಲು ಅವಳು ಬಾಗಿದಾಗ ಜಡೆ ಮುಂದೆ ಜಾರಿ ಅವನ ಮುಂಗೈ ಸವರಿತು. ಇಬ್ಬರೂ ಅದನ್ನು ಹಿಂದಕ್ಕೆ ಹಾಕಲಿಲ್ಲ.

"ತಣ್ಣಗದ," ಎಂದ ಅವನು ಮೆತ್ತಗೆ.

"ಉಕ್ಕಲ್ರಿ ಅದು."

"ಉಕ್ಕು ತಣ್ಣಗದ. ನಿಮ್ಮ ಕೈ ಬೆಚ್ಚಗದ. ಇದನ್ನ ಸರ್‌ಗೆ ಹೇಳಬ್ಯಾಡ್ರಿ ಮತ್ತ."

ಅಂಕಿ ಕಣ್ಣಿಗೆ ಬೀಳಲೇ ಇಲ್ಲ. ಇನ್ನೊಮ್ಮೆ ಅಳೆಯಬೇಕಾಯಿತು.

*

ಗುಳಿಯಿರುವ ಹೊಸ ಪಟ್ಟಿಗಳ ಪ್ಯಾಕೆಟ್ಟನ್ನು ಸಂಜೀವ ಮುಂಚೆಯೇ ಒಯ್ದಿದ್ದ. ಅವುಗಳ ಪರೀಕ್ಷೆ ಗೋದಾಮಿನಲ್ಲೇ ಆಗಬೇಕೆಂದು ನಿಗದಿಯಾಯಿತು. ಅಲ್ಲಿನ ರೈತರ ಸಂಘದ ಅಧ್ಯಕ್ಷ ಹಂಪಯ್ಯನವರು ಒಪ್ಪಿದರೆ ಎಲ್ಲ ಚೀಲಕ್ಕೂ ಇದೇ. ಒಪ್ಪದಿದ್ದರೆ ಪಟ್ಟಿಯ ಕಥೆ ಅಲ್ಲಿಗೇ ಮುಗಿಯಿತು. ಸಂಜೀವ ಫೋನಿನಲ್ಲಿ ಹೇಳಿದ: "ಮಾಡಿದವ್ರ ಬಾಯಿಂದನ ಕೇಳಬೇಕಂತ. ಸರ್ ಬರಲೇಬೇಕ್ರಿ."

ವಲಿ ಪಾಷಾರಿಗೆ ಇಷ್ಟು ದಿನದ ನಾಟಕ ಗೊತ್ತಿತ್ತು. ನಕ್ಕು ಸುಮ್ಮನಿದ್ದರು. ಅವತ್ತು ಮಾತ್ರ ನಗಲಿಲ್ಲ. "ನೀನ ಹೋಗು ಬೇಟಿ. ನಾನು ಬಂದ್ರ ಎಲ್ಲಾರೂ ನನ್ನ ಮಾರಿ ನೋಡ್ತಾರ. ಹೇಳಬೇಕಾದಾಕಿ ನೀನು."

ಅವಳು ಪೋತ್ನಾಳದಲ್ಲಿ ಬಸ್ಸಿಳಿದಾಗ ಸಂಜೀವ ಅವಳ ಹಿಂದೆ ಮುಂದೆ ಹುಡುಕಿದ. "ಸರ್?"

ಅವಳು ತಲೆ ತಗ್ಗಿಸಿ ಗೋದಾಮಿನ ಕಡೆ ನಡೆದಳು.

ಗೋದಾಮಿನಲ್ಲಿ ಸಂಘದವರೆಲ್ಲ ಕುರ್ಚಿ ಹಾಕಿ ಕೂತಿದ್ದರು. ಸಂಜೀವ ಚೀಲದ ಬಾಯಿಗೆ ಪಟ್ಟಿ ಸುತ್ತಿ ಎಳೆದ. ಚಟ್! ಪಟ್ಟಿ ಮುರಿಯಿತು. ಇನ್ನೊಂದು. ಅದೂ ಚಟ್.

"ಏನೋ ಸಂಜೀವ, ಹಪ್ಪಳದಾಗ ಚೀಲ ಕಟ್ಟಾಕತ್ತೀಯೇನು?" ಎಂದರು ಹಂಪಯ್ಯ. ಕುರ್ಚಿಗಳೆಲ್ಲ ನಕ್ಕವು.

ಸಂಜೀವನ ಕಿವಿ ಕೆಂಪಾದವು. ಆದರೂ ಎದೆ ಸೆಟೆದು ನಿಂತ. "ಯಪ್ಪಾ, ಆ ಸರ್ ಅಂಥವ್ರಲ್ಲ. ನಾ ಅವ್ರನ್ನ ನೋಡಿಲ್ಲ, ಆದ್ರ ಅವ್ರ ಕೆಲಸ ನೋಡೀನಿ. ಎಲ್ಲೋ ನಂದ ತಪ್ಪಾಗೇದ."

ಕಾಣದ ಒಬ್ಬರಿಗಾಗಿ ಇವನು ಹತ್ತು ಜನರ ಮುಂದೆ ನಗೆಪಾಟಲಾಗುತ್ತಿದ್ದಾನೆ. ಆ ಒಬ್ಬರು ಕಂಬದ ಮರೆಯಲ್ಲಿ ನಿಂತಿದ್ದಾರೆ. ವಿಶಾಖಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ನಡೆದು ಬಂದು ಮುರಿದ ತುಣುಕನ್ನು ಎತ್ತಿಕೊಂಡಳು. ಒಣ ಕಡ್ಡಿಯ ಹಾಗೆ ಮುರಿದಿತ್ತು.

"ಇವನ್ನ ಪ್ಯಾಕೆಟ್‌ನಿಂದ ಯಾವಾಗ ತಗದ್ರಿ?"

"ನೀವು ಕೊಟ್ಟ ದಿನಾನ. ಒಳಗ ನೀರು ಸೇರಿತ್ತು ನೋಡ್ರಿ. ಒದ್ದಿ ಆಗ್ಯಾವಂತ ವಾರಗಟ್ಟಲೆ ಮಾಳಿಗಿ ಬಿಸಿಲಿನ್ಯಾಗ ಹರವಿ ಒಣಗಿಸೀನಿ. ಬೀಜದ ಹತ್ರ ಒದ್ದಿದು ತರಬಾರದಲ್ರಿ?"

ಬೀಜದ ಮನುಷ್ಯ! ಒದ್ದೆ ಕಂಡರೆ ಒಣಗಿಸುವುದೇ ಅವನ ಜೀವದ ರೂಢಿ. ಎಷ್ಟು ಅಕ್ಕರೆಯಿಂದ ತಿರುವಿ ತಿರುವಿ ಹರವಿದ್ದನೋ.

"ಆ ನೀರು ನಾನ ಹಾಕಿದ್ದು," ಎಂದಳು ವಿಶಾಖಾ. "ಪಟ್ಟೀನೂ ನಾನ ಮಾಡಿದ್ದು. ಬ್ಯಾರೆ ಯಾವ ಸರ್ ಇಲ್ಲ."

ಸಂಜೀವ ಮುರಿದ ಪಟ್ಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

ಅವಳ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಇದು ನೈಲಾನ್ ರಿ. ಒಣಗಿದ್ರ ಪಟಕ್ಕಂತ ಮುರೀತದ, ನೀರು ಕುಡಿದ್ರ ಬಾಗ್ತದ. ಕುಡಿದ ನೀರು ಅದರ ಒಳಗ ಇರ್ತದ, ಮ್ಯಾಲೆ ಒರಸಿದ್ರ ಬೀಜಕ್ಕ ತಗಲಂಗಿಲ್ಲ. ಈ ಮಾತು ನಾನು ಮೊದಲ ಹೇಳಬೇಕಿತ್ತು. ಊಟದ ತನಕ ಟೈಮ್ ಕೊಡ್ರಿ, ಒಂದು ಪಾತೇಲಿ ಬಿಸಿನೀರು ಕೊಡ್ರಿ."

ಗೋದಾಮಿನ ಬಾಗಿಲಲ್ಲಿ ಚಹಾ ಮಾರುವ ಮುನವ್ವರ್ ಬೀ ತನ್ನ ಪಾತೇಲಿಯನ್ನೇ ಕೊಟ್ಟಳು. ಕುದಿಯುವ ನೀರಿನಲ್ಲಿ ಪಟ್ಟಿಗಳು ಹೊರಳುವುದನ್ನು ನೋಡಿ, "ಯವ್ವಾ, ಶಾವಿಗಿ ಬೇಯಿಸಾಕತ್ತೀಯೇನು? ಸಕ್ಕರಿ ಹಾಕ್ಲೇನು?" ಎಂದಳು.

ಊಟದ ಹೊತ್ತಿಗೆ ವಿಶಾಖಾ ಒಂದು ಪಟ್ಟಿ ಒರೆಸಿ, ಬೆರಳಿಗೆ ಸುತ್ತಿ ನೋಡಿದಳು. ಬಾಗಿತು. ತಾನೇ ಚೀಲ ಕಟ್ಟಿದಳು. ಹಮಾಲರು ಅದರ ಮೇಲೆ ಚೀಲದ ಮೇಲೆ ಚೀಲ ಒಟ್ಟಿದರು. ಇಳಿಸಿದರು. ಬಾಯಿ ಬಿಚ್ಚಿರಲಿಲ್ಲ. ಹಂಪಯ್ಯ ಎದ್ದು ಬಂದು, ಹೆಬ್ಬೆರಳನ್ನು ಗುಳಿಗಿಳಿಸಿ ಒತ್ತಿದರು. ಪಟ್ಟಿ ಜಾರಿ ಅವರ ಅಂಗೈಗೆ ಬಂತು. ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿದರು, ಆಟಿಕೆ ಸಿಕ್ಕವರ ಹಾಗೆ.

"ಯಾರ ಮಗಳವ್ವ ನೀನು?"

"ದೇವದುರ್ಗದ ಗೌಂಡಿ ಅಯ್ಯಣ್ಣನ ಮಗಳ್ರಿ," ಎಂದಳು. ಅಪ್ಪ ಕಟ್ಟಿದ ಗೋಡೆಗಳಷ್ಟು ನೇರವಾಗಿ ನಿಂತಿದ್ದಳು.

"ನಿಮ್ಮಪ್ಪಗ ಹೇಳು, ಮಗಳೂ ಕಟ್ಟೋದ ಕಲ್ತಾಳ ಅಂತ. ಈ ವರ್ಷದ ಚೀಲಕ್ಕೆಲ್ಲ ಇದ ಪಟ್ಟಿ."

*

ರಾಯಚೂರಿನ ಬಸ್ಸು ಗೋದಾಮಿನ ಎದುರಿಗೇ ಬರುವುದಿತ್ತು. ಸಂಜೀವ ಬೇವಿನ ಎಲೆಯೊಂದನ್ನು ಮಡಚುತ್ತ ಬಿಚ್ಚುತ್ತ ಅವಳ ಪಕ್ಕ ನಿಂತಿದ್ದ.

"ಸಿಟ್ಟು ಬಂತೇನ್ರಿ?" ಎಂದಳು.

"ಬಂತು. ಮೊದಲ್ನೇ ದಿನ 'ಪುಣ್ಯಾತ್ಮ' ಅಂದು ಬೈದೀನಿ. ಬೆರಳು ಚಾಚಿ ನಿಂತೀನಿ. ಒಳಗೊಳಗ ಎಷ್ಟು ನಕ್ಕಿರಬೇಕು ನೀವು."

"ಬೆರಳು ಅಳೆದ ದಿನ ನಕ್ಕಿಲ್ಲ."

ಅವನು ತಲೆಯೆತ್ತಿದ. ಸಿಟ್ಟು ಅವನ ಕಣ್ಣಲ್ಲಿ ನಿಲ್ಲದೆ ಜಾರಿ, ಅಲ್ಲಿ ಬೇರೇನೋ ಹೊಳೆಯಿತು. "ಇವತ್ತು ಹತ್ತು ಜನರ ಮುಂದ ನೀವು ಮಾತಾಡಿದಾಗ ಏನನಸ್ತು ಗೊತ್ತೇನು? ಇಕಿ ನಮ್ಮಾಕಿ ಅಂತ ಎಲ್ಲಾರಿಗೂ ಕೂಗಿ ಹೇಳಬೇಕು ಅನಸ್ತು. ಸರ್ ಮತ್ತ ನೀವು, ಹಿಂಗ ಇಬ್ಬರನ್ನ ಹಚ್ಚಿಕೊಂಡೀನಿ ಅನ್ಕೊಂಡಿದ್ದೆ. ಇಬ್ಬರೂ ಒಬ್ಬಾಕಿನ ಆದ್ರಿ. ಚಲೋನ ಆತು." ಎಲೆ ಕೆಳಗೆ ಬಿತ್ತು. "ದೇವದುರ್ಗಕ್ಕ ಬರಲೇನು? ನಿಮ್ಮ ಅಪ್ಪಾರನ್ನ ಕೇಳಾಕ?"

ವಿಶಾಖಾ ಅವನನ್ನು ನೇರ ನೋಡಿದಳು. ಕಣ್ಣು ಸರಿಸದೆ ಅವನನ್ನು ನೋಡಿದ್ದು ಇದೇ ಮೊದಲು.

"ಅಪ್ಪನ್ನ ಆಮ್ಯಾಲೆ ಕೇಳ್ರಿ. ಮೊದಲ ನನ್ನ ಕೇಳ್ರಿ."

ಸಂಜೀವ ಸುತ್ತ ನೋಡಿದ. ಬಸ್ ಕಾಯುವವರು, ಚಹಾ ಕುಡಿಯುವವರು, ಪಾತೇಲಿ ತಿಕ್ಕುತ್ತಿದ್ದ ಮುನವ್ವರ್ ಬೀ. ದನಿ ತಗ್ಗಿಸಿ ಕೇಳಿದ. "ವಿಶಾಖಾ, ನನ್ನ ಮದಿವಿ ಆಗ್ತೀಯೇನು?"

"ಆಗ್ತೀನಿ," ಎಂದಳು ಅವಳು, ಒಂಚೂರೂ ದನಿ ತಗ್ಗಿಸದೆ.

ಮುನವ್ವರ್ ಬೀ ಪಾತೇಲಿ ತಿಕ್ಕುವುದನ್ನು ನಿಲ್ಲಿಸಿದಳು.